ಕಿಡಿ ನೋಡುವ ವಿದ್ಯೆ

ವಾಡಿಯ ಸಿಮೆಂಟು, ಶಹಾಬಾದಿನ ಕಲ್ಲು ಚರಿತ್ರೆಯ ಪುಟ ಸೇರಿವೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ದಾರಿಗಳಲ್ಲಿ ಕೆಟ್ಟು ನಿಂತ ಕಾರುಗಳನ್ನು ಎಬ್ಬಿಸುವ ಮೆಕ್ಯಾನಿಕರ ವಿದ್ಯೆ ಮಾತ್ರ ಬಾಯಿಂದ ಬಾಯಿಗೆ ನಡೆದು ಬಂದದ್ದು.

1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಇಗ್ನಿಷನ್ ಪದ್ಧತಿಯೇ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲೂ ಇತ್ತು. ಅದರ ರೋಗ ಕಣ್ಣಿಗೆ ಕಾಣುತ್ತಿತ್ತು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಸುಟ್ಟ ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜಿ, ಸಂದು ಸರಿಮಾಡಿದರೆ ಗಾಡಿ ಹೊರಡುತ್ತಿತ್ತು. ಪ್ಲಗ್ಗಿನ ವೈರು ಕಿತ್ತು ಎಂಜಿನ್ನಿನ ಹತ್ತಿರ ಹಿಡಿದು ಕಿಡಿ ನೋಡುವುದೇ ಪರೀಕ್ಷೆ.

ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಪಾಯಿಂಟಿನ ಕೆಲಸ ಟ್ರಾನ್ಸಿಸ್ಟರಿಗೆ ಹೋಯಿತು. ಕೆಟ್ಟ ಮಾಡ್ಯೂಲು ಬಿಸಿಯಾದಾಗ ಕೈಕೊಟ್ಟು, ತಣ್ಣಗಾದ ಮೇಲೆ ಏನೂ ಆಗದಂತೆ ನಡೆಯಬಲ್ಲದು. ಹಳೆಯ ಕಿಡಿ ಪರೀಕ್ಷೆಯೂ ಇಲ್ಲಿ ಅಪಾಯ. ವೈರು ದೂರವಾಗಿ ಕಿಡಿ ಹಾರಲು ದಾರಿ ಸಿಗದಿದ್ದರೆ, ಕಾಯಿಲಿನ ವೋಲ್ಟೇಜು ಏರಿ ಮಾಡ್ಯೂಲೇ ಸುಡಬಹುದು. ಒಂದು ತಲೆಮಾರಿನ ಜಾಣ್ಮೆ ಮುಂದಿನ ತಲೆಮಾರಿಗೆ ನಷ್ಟವಾಗುವುದು ಹೀಗೆ.

ಈಗ ಸ್ಕ್ಯಾನರು ಕೋಡು ಹೇಳುತ್ತದೆ. ಪಿ0351 ಎಂದರೆ ಮೊದಲ ಕಾಯಿಲಿನ ಸರ್ಕ್ಯೂಟಿನಲ್ಲಿ ದೋಷ. ಕೆಟ್ಟದ್ದು ಕಾಯಿಲೋ, ವೈರೋ, ಕನೆಕ್ಟರೋ ಎಂಬುದನ್ನು ಅದು ಹೇಳದು. ಅದಕ್ಕೆ ಮೀಟರು ಹಿಡಿದ ಕೈಯೇ ಬೇಕು. ಆ ಕೈ ಬಲ್ಲದ್ದನ್ನು ಕನ್ನಡದಲ್ಲಿ ಬರೆದಿಡದಿದ್ದರೆ, ಅದು ಗ್ಯಾರೇಜಿನ ಬಾಗಿಲಿನೊಂದಿಗೇ ಮುಚ್ಚಿಹೋಗುತ್ತದೆ.