ಲಾಭ ದೊಡ್ಡದೋ, ನೆಲದ ಋಣ ದೊಡ್ಡದೋ?



ನಮ್ಮ ಹಾಲು ಉತ್ಪಾದಕರ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ನಾಲ್ಕು ಮಾತು ಬರೆಯಿರಿ ಅಂತ ಕಾರ್ಯದರ್ಶಿಗಳು ಕೇಳಿದಾಗ ನಮಗೆ ಮೊದಲು ನೆನಪಾದದ್ದು ದೂರವಾಣಿನಗರ. ನಮ್ಮ ಹಿರಿಯರು ಅಲ್ಲಿನ ಕ್ವಾರ್ಟರ್ಸಿಗೆ ಸೈಕಲ್ಲಿನಲ್ಲಿ ಹಾಲು ಹಾಕಿ ಸಂಸಾರ ತೂಗಿಸಿದವರು. ವ್ಯಾಪಾರ ಮಾಡುವವನಿಗೆ ತನ್ನ ದೇಶದ ಋಣ ಇರಬೇಕೋ, ಲಾಭ ಬಂದರೆ ಸಾಕೋ ಎಂಬ ಪ್ರಶ್ನೆಗೆ ಆ ಕಾರ್ಖಾನೆಯ ಚರಿತ್ರೆಯಲ್ಲೇ ಉತ್ತರವಿದೆ.

1948ರಲ್ಲಿ ಕೃಷ್ಣರಾಜಪುರದ ಹತ್ತಿರ ಐ.ಟಿ.ಐ. ಶುರುವಾಯಿತು. ಸ್ವತಂತ್ರ ಭಾರತದ ಮೊದಲ ಸರ್ಕಾರಿ ಉದ್ದಿಮೆ ಅದು. ದೇಶಕ್ಕೆ ಬೇಕಾದ ಟೆಲಿಫೋನು ದೇಶದಲ್ಲೇ ತಯಾರಾಗಲಿ ಎಂಬುದು ಉದ್ದೇಶ. ಇಂಗ್ಲೆಂಡಿನ ಕಂಪನಿಯಿಂದ ವಿದ್ಯೆ ಕಲಿತು ನಮ್ಮ ಜನರೇ ಕೈಯಾರೆ ಮಾಡಿದರು. ಮುಂದೆ ಶ್ರೀನಗರ, ನೈನಿ, ರಾಯ್‌ಬರೇಲಿ, ಪಾಲಕ್ಕಾಡ್, ಮಂಕಾಪುರಗಳಲ್ಲೂ ಘಟಕಗಳಾದವು. ಬರೀ ಲಾಭ ನೋಡುವವನು ಇಷ್ಟು ದೂರದೂರದ ಊರುಗಳಿಗೆ ಹೋಗುತ್ತಿದ್ದನೇ?

ಇನ್ನೊಂದು ಸಂಗತಿ. ಹೊರದೇಶದ ಎಕ್ಸ್‌ಚೇಂಜುಗಳು ದೊಡ್ಡ ಪಟ್ಟಣಗಳಿಗೆ ಮಾಡಿದವು, ಅವಕ್ಕೆ ತಂಪು ಕೋಣೆ ಬೇಕು. ನಮ್ಮ ಹಳ್ಳಿಯ ಸೆಕೆ, ಧೂಳಿಗೆ ತಡೆಯುವಂಥದ್ದನ್ನು 1984ರಲ್ಲಿ ಸ್ಥಾಪನೆಯಾದ ಸರ್ಕಾರದ ಸಿ-ಡಾಟ್ ಸಂಸ್ಥೆ ರೂಪಿಸಿತು. ಅದರ ಮೊದಲ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಕೆಲಸ ಶುರು ಮಾಡಿತು. ಅಂಥವನ್ನು ಐ.ಟಿ.ಐ. ಕೂಡ ತಯಾರಿಸಿತು. ಹಳ್ಳಿಯವನಿಗೆ ಫೋನು ಕೊಡುವುದರಲ್ಲಿ ಲಾಭ ಕಡಿಮೆ. ಆದರೂ ಕೊಟ್ಟವರು ಈ ನೆಲದವರೇ.

ಹಾಗಂತ ಒಂದು ಕಡೆಯ ಮಾತನ್ನೇ ಹೇಳಿದರೆ ತಪ್ಪಾಗುತ್ತದೆ. ಆಗ ಫೋನಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಪೈಪೋಟಿ ಇಲ್ಲದ ಕಡೆ ಸೋಮಾರಿತನ ಸೇರಿಕೊಳ್ಳುತ್ತದೆ. 1991ರ ನಂತರ ಬಾಗಿಲು ತೆರೆಯಿತು, 1994ರಲ್ಲಿ ಹೊಸ ದೂರಸಂಪರ್ಕ ನೀತಿ ಬಂತು, ಆಮೇಲೆ ಮೊಬೈಲು ಬಂತು. ಇವತ್ತು ಕೂಲಿಯವರ ಕೈಯಲ್ಲೂ ಫೋನಿದೆ. ಅದು ಖಾಸಗಿಯವರ ಪೈಪೋಟಿಯಿಂದಲೂ ಆದ ಉಪಕಾರ. ಆದರೆ ಐ.ಟಿ.ಐ. ನಷ್ಟಕ್ಕೆ ಬಿತ್ತು. ಕಾರ್ಖಾನೆ ಈಗಲೂ ಇದೆ, ಹಿಂದಿನ ಕಳೆ ಇಲ್ಲ. ಪಕ್ಕದ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಅಂತೂ ಮುಚ್ಚಿಯೇ ಹೋಯಿತು.

ಇದನ್ನೆಲ್ಲ ಇಲ್ಲಿ ಯಾಕೆ ಹೇಳಿದೆವು ಅಂದರೆ, ನಮ್ಮ ಸಂಘದ ಮುಂದೆಯೂ ಇದೇ ಪ್ರಶ್ನೆ ಇದೆ. ಬೇಸಿಗೆಯಲ್ಲಿ ಹಾಲು ಕಡಿಮೆಯಾದಾಗ ಖಾಸಗಿ ವ್ಯಾನು ಊರ ಬಾಗಿಲಿಗೇ ಬಂದು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟಿತು. ನಮ್ಮಲ್ಲೇ ಕೆಲವರು ಆ ಕಡೆ ಹೋದರು. ನಾವು ನಿರ್ದೇಶಕರೂ ಮನಸ್ಸಿನಲ್ಲಿ ಆಸೆಪಟ್ಟಿದ್ದು ಸುಳ್ಳಲ್ಲ. ಮಳೆ ಬಂದು ಹಸಿರು ಮೇವು ಎದ್ದು ಹಾಲು ಹೆಚ್ಚಾದಾಗ ವ್ಯಾನಿನ ಸುಳಿವೇ ಇಲ್ಲ. ಹೋದವರೆಲ್ಲ ಕ್ಯಾನು ಹಿಡಿದು ಡೇರಿಗೇ ಬಂದರು. ಸಂಘ ಯಾರನ್ನೂ ವಾಪಸು ಕಳಿಸಲಿಲ್ಲ.

ಉಪ್ಪಿಟ್ಟವರನ್ನು ಮುಪ್ಪಿನತನಕ ನೆನೆ ಅಂತಾರೆ ಹಿರಿಯರು. ಆದರೆ ಈ ಋಣ ಎರಡೂ ಕಡೆಯದು. ನಮ್ಮದೇ ಸಂಘ ಅಂತ ಫ್ಯಾಟು ತಪ್ಪು ಬರೆದರೆ, ಬಟವಾಡೆ ತಡಮಾಡಿದರೆ, ಸದಸ್ಯರು ನಿಷ್ಠೆಯಿಂದ ಇರಲಿ ಅಂತ ಕೇಳುವ ಹಕ್ಕು ನಮಗಿರುವುದಿಲ್ಲ. ಲೆಕ್ಕ ಸರಿಯಾಗಿದ್ದರೆ ಎರಡು ರೂಪಾಯಿಗೆ ಸಂಘ ಬಿಡುವುದು ಸದಸ್ಯರಿಗೂ ಸಲ್ಲದು. ಲಾಭ ಬೇಕು, ಅದು ಊರಲ್ಲೇ ಉಳಿಯಬೇಕು. ಮುಂದಿನ ಇಪ್ಪತ್ತೈದು ವರ್ಷವೂ ಹೀಗೇ ನಡೆಯೋಣ ಎಂದು ಎಲ್ಲರಲ್ಲೂ ವಿನಂತಿ.