ಗಚ್ಚಿನ ಗೋಡೆ

ಕುಸನೂರ ಕಡೆಯಿಂದ ಕಲಬುರಗಿ ಪೇಟೆಗೆ ಬರುವ ನಮ್ಮಂಥ ಹೆಣ್ಣುಮಕ್ಕಳಿಗೆ ಕೋಟೆ ಹೊಸದೇನಲ್ಲ. ಸೂಪರ್ ಮಾರ್ಕೆಟ್ಟಿಗೆ ಹೋಗುವಾಗ ಹೊರಗಿನಿಂದ ನೋಡಿಯೇ ಇರುತ್ತೇವೆ. ಅದರೊಳಗಿನ ಜಾಮಾ ಮಸೀದಿಯನ್ನು ಹೊಕ್ಕು ನೋಡಿದವರು ಮಾತ್ರ ಕಡಿಮೆ.

ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಮಸೀದಿಯ ಶಾಸನದ ವರ್ಷ 1367. ಆಗ ಆಳುತ್ತಿದ್ದವನು ಒಂದನೆಯ ಮಹಮ್ಮದ್ ಶಹಾ. ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫಿ. ಉದ್ದ 216 ಅಡಿ, ಅಗಲ 176 ಅಡಿ. ದೊಡ್ಡ ಮಸೀದಿಯೆಂದರೆ ನಡುವೆ ಬಯಲಂಗಳ ಇರುವುದು ರೂಢಿ. ಇಲ್ಲಿ ಅಂಗಳವೇ ಇಲ್ಲ. ಅಷ್ಟೂ ಜಾಗಕ್ಕೆ ಚಾವಣಿ. ಪಶ್ಚಿಮಕ್ಕೆ ಒಂದು ದೊಡ್ಡ ಗುಮ್ಮಟ, ಮೂಲೆಗೊಂದರಂತೆ ನಾಲ್ಕು, ಉಳಿದೆಡೆ ಸಾಲು ಸಾಲು ಚಿಕ್ಕವು. ಹಾಗಾದರೆ ಬೆಳಕೆಲ್ಲಿಂದ? ಪಶ್ಚಿಮವೊಂದನ್ನು ಬಿಟ್ಟು ಮೂರೂ ಕಡೆಯ ಅಗಲ ಕಮಾನುಗಳಿಂದ ಗಾಳಿ, ಬೆಳಕು ಬರುತ್ತವೆ. ನಮ್ಮ ಮೇ ತಿಂಗಳ ಬಿಸಿಲು ಬಲ್ಲವರಿಗೆ ಆ ನೆರಳಿನ ಬೆಲೆ ಹೇಳಬೇಕಿಲ್ಲ. ಸ್ಪೇನಿನ ಕಾರ್ಡೋಬಾ ಮಸೀದಿಯೇ ಇದರ ಮಾದರಿ ಎನ್ನುವವರುಂಟು. ಆದರೆ ಅಲ್ಲಿ ಅಂಗಳವಿದೆ, ಬಹುಪಾಲು ಚಾವಣಿ ಮರದ್ದು. ಇಲ್ಲಿಯದು ಇಲ್ಲಿಯದೇ.

ಬಹಮನಿ ಕಟ್ಟಡಗಳು 2014ರಲ್ಲಿ ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಸೇರಿದವು. ಹೆಸರು ಬಂದರೆ ಸಾಲದು, ಕಟ್ಟಡ ಉಳಿಯಬೇಕು. ಉಳಿಸುವ ಗುಟ್ಟು ಇರುವುದು ಗಚ್ಚಿನಲ್ಲಿ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಉಸುಕು ಬೆರೆಸಿ ಗಾಣದಲ್ಲಿ ಅರೆಯುತ್ತಿದ್ದರು; ಕೆಲವೆಡೆ ಬೆಲ್ಲದ ನೀರನ್ನೂ ಹಾಕುತ್ತಿದ್ದರು. ಈ ಗಚ್ಚು ಮೆತ್ತಗಿನದು. ಗೋಡೆ ಹೀರಿದ ನೀರು ಇದರ ಮೂಲಕ ಹೊರಗೆ ಆರಿಹೋಗುತ್ತದೆ.

ವಾಡಿ, ಸೇಡಂ ಕಡೆಯ ಕಾರ್ಖಾನೆಗಳಲ್ಲಿ ಸಿಮೆಂಟಾಗುವುದೂ ನಮ್ಮ ನೆಲದ ಸುಣ್ಣದ ಕಲ್ಲೇ. ಆದರೆ ಗುಣ ಬೇರೆ. ಹಳೆಯ ಗೋಡೆಗೆ ಸಿಮೆಂಟು ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಅದರ ಜೊತೆಗಿನ ಉಪ್ಪು ಕಲ್ಲಿನ ಮೈಯನ್ನೇ ಪುಡಿಗಟ್ಟಿಸುತ್ತದೆ. ಅದಕ್ಕೇ ತಿಳಿದವರು ಹೇಳುವುದು: ತೇಪೆ ಗೋಡೆಗಿಂತ ಗಟ್ಟಿ ಇರಬಾರದು. ಕೆಟ್ಟರೆ ತೇಪೆ ಕೆಡಲಿ, ಗೋಡೆ ಉಳಿಯಲಿ. ಹಳೆಯ ಸೀರೆಗೆ ದಪ್ಪ ಬಟ್ಟೆಯ ತೇಪೆ ಹಚ್ಚಿದರೆ ಹರಿಯುವುದು ಸೀರೆಯೇ ಎಂಬುದು ನಮಗೆ ಗೊತ್ತಿಲ್ಲವೇ?

ಈ ಮಾತು ಮಸೀದಿ, ಗುಡಿಗಳಿಗಷ್ಟೇ ಅಲ್ಲ. ನಮ್ಮ ಕಡೆ ಕಲ್ಲು, ಗಚ್ಚಿನ ಅಜ್ಜಿಯ ಕಾಲದ ಮನೆಗಳು ಇನ್ನೂ ನಿಂತಿವೆ. ದುರಸ್ತಿಯ ಮಾತು ಬಂದಾಗ ಗಂಡಸರು, “ಸಿಮೆಂಟ್ ಹೊಡಸ್ರಿ, ಗಟ್ಟಿ ಇರ್ತದ” ಎಂದುಬಿಡುತ್ತಾರೆ. ಗೋಡೆಯ ಉಪ್ಪು ಕೆರೆಯುವವರು, ತೇವಕ್ಕೆ ಕಪಾಟಿನ ಸೀರೆ ಬೂಷ್ಟು ಹಿಡಿದದ್ದು ಮೊದಲು ಕಾಣುವವರು ನಾವು. “ಗಚ್ಚಿನ ಕೆಲಸ ಬಲ್ಲವರು ಯಾರಿದ್ದಾರೆ?” ಎಂದು ನಾವೇ ಕೇಳಬೇಕು. ಕೆಲಸ ಕೇಳುವವರಿದ್ದರೆ ಅದನ್ನು ಬಲ್ಲ ಕೈಗಳೂ ಉಳಿದಾವು; ನಾಳೆ ಕೋಟೆಯ ಮಸೀದಿಗೂ ಬೇಕಾಗುವುದು ಆ ಕೈಗಳೇ.