ಕ್ರಾಂತಿಕಾಲದ ಮೆಕ್ಸಿಕೊದಲ್ಲಿ ಸ್ಮಾರಕರಕ್ಷಣೆ

ಪ್ರಾಚೀನ ಸ್ಮಾರಕಗಳು ರಾಷ್ಟ್ರದ ಸ್ವತ್ತೆಂದು ಮೆಕ್ಸಿಕೊ 1897ರಲ್ಲಿಯೇ ಕಾಯಿದೆ ಮಾಡಿತ್ತು. 1910ರಲ್ಲಿ ಕ್ರಾಂತಿ ಆರಂಭವಾಗಿ, ಮರುವರ್ಷ ಪೋರ್ಫಿರಿಯೊ ದಿಯಾಸನ ಆಳ್ವಿಕೆ ಕೊನೆಗೊಂಡಿತು. ಅನಂತರದ ಸರ್ಕಾರಗಳೂ ಒಂದರ ಹಿಂದೊಂದು ಉರುಳಿದವು. ಆದರೆ ಆ ತತ್ತ್ವ ಅಳಿಯಲಿಲ್ಲ. ಅಂತರ್ಯುದ್ಧದ ನಡುವೆಯೇ, 1914ರಲ್ಲಿ, ಐತಿಹಾಸಿಕ ಹಾಗೂ ಕಲಾಸ್ಮಾರಕಗಳ ಸಂರಕ್ಷಣೆಗೆ ಮತ್ತೊಂದು ಕಾಯಿದೆ ಬಂದಿತು.

ಮಾನವಶಾಸ್ತ್ರವೂ ಇದೇ ಕ್ಷೋಭೆಯಲ್ಲಿ ಬೆಳೆಯಿತು. ಅಸ್ಕಾಪೊಟ್ಸಾಲ್ಕೊದಲ್ಲಿ ಮಣ್ಣಿನ ಸ್ತರಗಳನ್ನನುಸರಿಸಿ ಉತ್ಖನನ ನಡೆಸಿದ ಮಾನುಯೆಲ್ ಗಾಮಿಯೊ ಅವರು ಅಲ್ಲಿನ ಸಂಸ್ಕೃತಿಗಳ ಪೂರ್ವಾಪರವನ್ನು ನಿರ್ಣಯಿಸಿದರು. 1917ರಲ್ಲಿ ಸ್ಥಾಪಿತವಾದ ಮಾನವಶಾಸ್ತ್ರ ಇಲಾಖೆಯ ಮುಖ್ಯಸ್ಥರಾಗಿ, ತೆಯೊತಿಹುವಾಕಾನ್ ಕಣಿವೆಯ ಪಿರಮಿಡ್ಡುಗಳೊಡನೆ ಅಲ್ಲಿ ಬಾಳುತ್ತಿದ್ದ ಜನರ ಸ್ಥಿತಿಗತಿಗಳನ್ನೂ ಅಧ್ಯಯನಕ್ಕೆ ತಂದರು. ಆ ಬೃಹದ್ಗ್ರಂಥ 1922ರಲ್ಲಿ ಪ್ರಕಟವಾಯಿತು.

1939ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾನವಶಾಸ್ತ್ರ ಮತ್ತು ಇತಿಹಾಸ ಸಂಸ್ಥೆಯಲ್ಲಿ ರಕ್ಷಣೆ ಹಾಗೂ ಸಂಶೋಧನೆಗಳು ಒಂದುಗೂಡಿದವು. ಆಳುವವರು ಬದಲಾದರೂ ಸ್ಮಾರಕಗಳ ಒಡೆತನ ರಾಷ್ಟ್ರದಲ್ಲಿಯೇ ಉಳಿಯಿತೆಂಬುದು ಗಮನಾರ್ಹ.